ಚಿಕ್ಕ ಲೇತಿಗೆ ಟ್ಯಾಂಜೆನ್ಷಿಯಲ್ ಟೂಲ್ ಹೋಲ್ಡರ್ ಬಳಸಿರೋರು ಯಾರಾದ್ರೂ ಇದೀರಾ? ಸ್ವಲ್ಪ ಹೇಳಿ

ಸಾಗರ_ಶೆಡ್

ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ಹಳ್ಳಿಯವ್ನು ನಾನು. ಮನೆ ಪಕ್ಕದ ಶೆಡ್ಡಲ್ಲಿ ಒಂದು ಚಿಕ್ಕ ಚೈನಾ ಲೇತ್ (ಲೋಹದ ತುಂಡು ತಿರುಗಿಸಿ ಟೂಲಲ್ಲಿ ಕಡಿಯೋ ಮಷಿನ್ನು) ಇಟ್ಕೊಂಡಿದೀನಿ, 180 ಎಂಎಂ ಸ್ವಿಂಗು (ತಿರುಗಿಸೋ ತುಂಡಿನ ಗರಿಷ್ಠ ಅಗಲ), 350 ಎಂಎಂ ಉದ್ದ, ಮೋಟರ್ 550 ವ್ಯಾಟು. ಅಡಿಕೆ ಸುಲಿಯೋ ಮಷಿನ್ನಿನ ಪಿನ್ನು, ಬುಶ್ಶು, ಔಷಧಿ ಹೊಡೆಯೋ ಪಂಪಿನ ಶಾಫ್ಟು, ಇಂಥ ಕೆಲ್ಸಾನೇ ಜಾಸ್ತಿ. ಕೊಯ್ಲು ಶುರುವಾಯ್ತು ಅಂದ್ರೆ ರಾತ್ರಿ ಊಟದ ಹೊತ್ತಿಗೂ ಯಾರೋ ಒಬ್ರು ಮುರಿದ ಪಿನ್ನು ಹಿಡ್ಕೊಂಡು ಅಂಗಳದಲ್ಲಿ ನಿಂತಿರ್ತಾರೆ.

ವಿಷ್ಯ ಏನಂದ್ರೆ ಲೇತ್ ಜೊತೆಗೆ ಒಂದು ಇನ್ಸರ್ಟ್ ಟೂಲ್ ಸೆಟ್ (ಟಿಪ್ಪು ಬದಲಾಯಿಸೋ ಥರದ್ದು) ತಗೊಂಡಿದ್ದೆ, 20 ಎಂಎಂ ಇಎನ್8 (ಮಧ್ಯಮ ಕಾರ್ಬನ್ ಸ್ಟೀಲ್) ರಾಡ್ ಮೇಲೆ ಅರ್ಧ ಎಂಎಂ ಡೆಪ್ತ್ ಇಟ್ರೂ ಗುಯ್ ಅಂತ ಕಿರುಚತ್ತೆ, ಜಾಬ್ (ತಿರುಗೋ ತುಂಡು) ಮೇಲೆ ಮೀನಿನ ಪೊರೆ ಥರ ಗೆರೆ ಬೀಳತ್ತೆ. ಕೀ ವೇ (ಉದ್ದಕ್ಕೆ ಕೊರೆದ ತೋಡು) ಇರೋ ಶಾಫ್ಟ್ ಸಿಕ್ಕಿದ್ರೆ ಮುಗೀತು, ಟಿಪ್ಪು ಚೂರು. ಆಮೇಲೆ ಹೆಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಂದು ನಾನೇ ಸಾಣೆ ಹಿಡಿಯೋಕೆ ಶುರು ಮಾಡ್ದೆ. ಒಂದಿನ ಚೆನ್ನಾಗಿ ಬರತ್ತೆ, ಮಾರನೇ ದಿನ ಅದೇ ಬಿಟ್ಟಿಗೆ ಮತ್ತೆ ಸಾಣೆ ಹಿಡಿದ್ರೆ ಕೋನ ಎಲ್ಲೋ ಹೋಗಿರತ್ತೆ, ಸೆಂಟರ್ ಹೈಟಿಗೆ (ಟೂಲ್ ತುದಿ ಜಾಬಿನ ನಡುಮಟ್ಟಕ್ಕೆ ಬರೋಕೆ) ಅಂತ ಹ್ಯಾಕ್ಸಾ ಬ್ಲೇಡ್ ತುಂಡು, ತಗಡಿನ ಚೂರು ಎಲ್ಲಾ ಪ್ಯಾಕಿಂಗ್ ಇಟ್ಟು ಇಟ್ಟು ಸಾಕಾಗಿದೆ. ಅರ್ಧ ಗಂಟೆ ಟರ್ನಿಂಗು, ಒಂದು ಗಂಟೆ ಟೂಲ್ ಸೆಟ್ಟಿಂಗು.

ಈ ಟ್ಯಾಂಜೆನ್ಷಿಯಲ್ ಹೋಲ್ಡರ್ ಅಂತ ವಿಡಿಯೋದಲ್ಲಿ ನೋಡ್ದೆ, ಬಿಟ್ಟನ್ನ ಮಲಗಿಸದೆ ನಿಲ್ಲಿಸಿರ್ತಾರೆ. ನಮ್ಮಂಥ ಚಿಕ್ಕ ಲೇತಿಗೆ ಇದು ನಿಜವಾಗ್ಲೂ ಆಗತ್ತಾ? ಬಳಸಿರೋರು ಹೇಳಿ ಪ್ಲೀಸ್.

ಐಟಿಐ_ಮೇಷ್ಟ್ರು_ಮೈಸೂರು

ಆಗುತ್ತೆ. ಯಾಕೆ ಆಗುತ್ತೆ ಅಂತ ಮೊದಲು ಅರ್ಥ ಮಾಡ್ಕೊಳ್ಳಿ, ಆಮೇಲೆ ಮಾಡೋದು ಸುಲಭ.

ಮಾಮೂಲಿ ಟೂಲ್ ಅಂದ್ರೆ ಗೋಡೆಯಿಂದ ಹೊರಗೆ ಚಾಚಿರೋ ತೊಲೆ ಇದ್ದ ಹಾಗೆ. ಜಾಬ್ ತಿರುಗ್ತಾ ಕೆಳಗೆ ಬರೋವಾಗ ಆ ತೊಲೆಯ ತುದಿ ಮೇಲೆ ಕೂತು ಕೆಳಕ್ಕೆ ಒತ್ತುತ್ತೆ, ತೊಲೆ ಬಾಗುತ್ತೆ, ಬಿಟ್ಟಾಗ ಮೇಲೇಳುತ್ತೆ. ನೀವು ಹೇಳಿದ ಗುಯ್ ಅನ್ನೋ ಸದ್ದಿನಲ್ಲಿ ಇದರ ಪಾಲು ದೊಡ್ಡದು. ದೊಡ್ಡ ಲೇತಲ್ಲಿ 25 ಎಂಎಂ ಶ್ಯಾಂಕ್ (ಟೂಲಿನ ಹಿಡಿ ಭಾಗ) ಹಾಕಿ ಈ ಬಾಗೋದನ್ನ ತಡೀತೀವಿ, ನಿಮ್ಮ ಟೂಲ್ ಪೋಸ್ಟಲ್ಲಿ ಹಿಡಿಯೋದೇ 10-12 ಎಂಎಂ. ಟ್ಯಾಂಜೆನ್ಷಿಯಲ್ ಹೋಲ್ಡರಲ್ಲಿ ಬಿಟ್ಟು ತೊಲೆ ಅಲ್ಲ, ಕಂಬ. ಅದೇ ಒತ್ತಡ ಬಿಟ್ಟಿನ ಉದ್ದಕ್ಕೆ ಇಳಿದು ಹೋಗುತ್ತೆ. 6 ಎಂಎಂ ಬಿಟ್ಟು ಅಡ್ಡ ಬಾಗೋಕೆ ಸುಲಭ, ಉದ್ದಕ್ಕೆ ಕುಗ್ಗಿಸೋಕೆ ಆಗಲ್ಲ.

ಕಂಬ ಪೂರ್ತಿ ನೆಟ್ಟಗೆ ಇರಲ್ಲ. ತಲೆ ಜಾಬ್ ಕಡೆಗೆ 12 ಡಿಗ್ರಿ, ಚಕ್ (ಜಾಬ್ ಹಿಡಿದು ತಿರುಗಿಸೋ ಭಾಗ) ಕಡೆಗೆ 12 ಡಿಗ್ರಿ ವಾಲಿರುತ್ತೆ. ಅಂದ್ರೆ ಬುಡ ನಿಮ್ಮ ಕಡೆಗೆ ಮತ್ತು ಟೇಲ್ ಸ್ಟಾಕ್ (ಚಕ್ಕಿನ ಎದುರು ತುದಿ) ಕಡೆಗೆ ಹೋಗಿರುತ್ತೆ. ಎದುರಿನ ಕ್ಲಿಯರೆನ್ಸು (ಟೂಲಿನ ಮೈ ಜಾಬಿಗೆ ಉಜ್ಜದ ಹಾಗೆ ಬಿಡೋ ಸಂದು), ಪಕ್ಕದ ಕ್ಲಿಯರೆನ್ಸು ಎರಡೂ ಈ ವಾಲಿಕೆಯಿಂದಲೇ ಬಂತು, ನೀವು ಸಾಣೆ ಹಿಡಿದು ತೆಗೆಯೋ ಅಗತ್ಯವೇ ಇಲ್ಲ. ಉಳಿದಿದ್ದು ಒಂದೇ ಮುಖ, ಮೇಲಿನ ತುದಿ. ಅದನ್ನ ಕಚ್ಚೋ ಮೂಲೆಯಿಂದ ಎದುರು ಮೂಲೆಗೆ ಇಳಿಜಾರಾಗಿ ತಿಕ್ಕಿದ್ರೆ ಟೂಲ್ ಮುಗೀತು.

ಮೂವತ್ತು ವರ್ಷ ಹುಡುಗರಿಗೆ ಸಾಣೆ ಕಲಿಸಿದೀನಿ. ಸೈಡ್ ರೇಕ್, ಬ್ಯಾಕ್ ರೇಕ್ (ಕಚ್ಚೋ ಅಂಚಿನಿಂದ ಮೇಲಿನ ಮುಖದ ಇಳಿಜಾರು), ಎಂಡ್ ಕ್ಲಿಯರೆನ್ಸ್ ಎಲ್ಲ ಬೋರ್ಡ್ ಮೇಲೆ ಚೆನ್ನಾಗಿ ಬರೀತಾರೆ, ಗ್ರೈಂಡರ್ ಮುಂದೆ ನಿಂತಾಗ ಕೈ ನಡುಗುತ್ತೆ. ಆ ಕೈ ಪಳಗೋಕೆ ಒಂದು ವರ್ಷ ಬೇಕು. ನಿಮಗೆ ಆ ಒಂದು ವರ್ಷ ಇಲ್ಲ, ಅಂಗಳದಲ್ಲಿ ಜನ ನಿಂತಿದ್ದಾರೆ. ಅದಕ್ಕೇ ಇದು ನಿಮಗೆ ಸರಿ ಅಂತೀನಿ.

ಉದ್ಯಮಬಾಗ_ಟರ್ನರ್

ನಮಸ್ಕಾರ್ರಿ ಎಲ್ಲಾರಿಗೂ. ನಾ ಬೆಳಗಾವಿ ಉದ್ಯಮಬಾಗದಾಗ 26 ವರ್ಷ ಲೇತ್ ಮ್ಯಾಲೆ ಕೆಲಸ ಮಾಡೇನಿ, ಹೆಚ್ಚಿಗಿ ಹರಿಹರದ ಕಿರ್ಲೋಸ್ಕರ್ ಟರ್ನ್‌ಮಾಸ್ಟರ್ ಮ್ಯಾಲೆನ. ಮೇಷ್ಟ್ರು ಹೇಳಿದ್ದು ಖರೆ ಐತಿ, ಆದ್ರ ಇದು ಹೊಸಾದೇನಲ್ಲರಿ. ಕ್ಯಾಪ್‌ಸ್ಟನ್ ಲೇತಿನ ರೋಲರ್ ಬಾಕ್ಸ್ ನೋಡ್ರಿ, ಎರಡು ರೋಲರ್ ಜಾಬ್ ಹಿಡದಿರ್ತಾವು, ಎದುರಿಗೆ ಟೂಲ್ ನಿಂತಿರ್ತೈತಿ, ಮಲಗಿರೂದಿಲ್ಲ. ಲ್ಯಾಂಡಿಸ್ ಡೈ ಹೆಡ್ಡಿನ ಚೇಸರ್ (ಥ್ರೆಡ್ ಕಡಿಯೂ ಟೂಲ್) ಸುದ್ದಾ ಹಂಗ, ಜಾಬಿಗೆ ತಾಗಿ ಸ್ಪರ್ಶರೇಖಾ ಇದ್ದಂಗ ಇಟ್ಟಿರ್ತಾರ, ತಿಕ್ಕಿ ತಿಕ್ಕಿ ಮುಂದ ಸರಿಸ್ಕೋತ ಹೋದ್ರ ಕಡೀತನಕ ಬಳಸಬಹುದು.

ನನ್ನ ಅಭಿಪ್ರಾಯ ಬ್ಯಾರೆ ಐತಿ. ಚಾಟರಿಂಗ್ (ಟೂಲ್ ನಡಗಿ ಸದ್ದು) ಬರಾಕತ್ತೈತಿ ಅಂದ್ರ ಮೊದಲ ಮಷಿನ್ ನೋಡ್ರಿ. ಕ್ರಾಸ್ ಸ್ಲೈಡಿನ ಜಿಬ್ (ಸ್ಲೈಡ್ ಅಲ್ಲಾಡದಂಗ ಬಿಗಿ ಮಾಡೂ ಪಟ್ಟಿ) ಸಡಿಲ ಐತೇನು? ಸ್ಪಿಂಡಲ್ ಬೇರಿಂಗ್? ಕಾಂಪೌಂಡ್ ಸ್ಲೈಡ್ ಎಷ್ಟ ಹೊರಗ ಚಾಚೇರಿ? ಚಕ್ಕಿಂದ ರಾಡ್ ಎಷ್ಟ ಹೊರಗ ಬಿಟ್ಟೀರಿ? ಇವೆಲ್ಲಾ ಹಂಗ ಬಿಟ್ಟು ಹೋಲ್ಡರ್ ಬದಲಿ ಮಾಡಿದ್ರ ರೊಕ್ಕ ಖರ್ಚು ಆಗೂದೊಂದ. ನಾ ಇವತ್ತಿಗೂ ಬ್ರೇಜ್ ಮಾಡಿದ ಕಾರ್ಬೈಡ್ ಟೂಲ್ ಮ್ಯಾಲೆ ಪಾಸಿಗೆ 3 ಎಂಎಂ ತಗೀತೇನಿ, ಏನೂ ಸದ್ದಿಲ್ಲ.

ಸಾಗರ_ಶೆಡ್

ಅಣ್ಣಾ, ನೀವು ಹೇಳಿದ್ಮೇಲೆ ಇವತ್ತು ಜಿಬ್ ಬಿಗಿ ಮಾಡ್ದೆ, ನಿಜವಾಗ್ಲೂ ಸಡಿಲ ಇತ್ತು. ಕೈಯಲ್ಲಿ ಟೂಲ್ ಪೋಸ್ಟ್ ಹಿಡಿದು ಅಲ್ಲಾಡಿಸಿದ್ರೆ ಕಟ್ ಕಟ್ ಅಂತಿತ್ತು. ಈಗ ಸದ್ದು ಅರ್ಧ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ನಿಮ್ಮ ಮಷಿನ್ನಿನ ಚಕ್ಕೇ ನನ್ನ ಇಡೀ ಲೇತಿಗಿಂತ ಭಾರ ಇರ್ಬೋದು ಅಣ್ಣಾ, 3 ಎಂಎಂ ಇಲ್ಲಿ ಆಗೋ ಮಾತಲ್ಲ. ಇದು ನಿಧಾನಕ್ಕೆ ಓಡಿಸಿದ್ರೆ ಮೋಟರಿಗೆ ಜೀವಾನೇ ಇರಲ್ಲ, ಲೋಡ್ ಬಿದ್ರೆ ನಿಂತೇ ಹೋಗತ್ತೆ.

ಮೆಲ್ಬರ್ನ್_ಗ್ಯಾರೇಜ್

ನಾನು ಮೂಲ ಚಿಕ್ಕಮಗಳೂರಿನವನು, ಈಗ ಮೆಲ್ಬರ್ನಲ್ಲಿ ಇದೀನಿ, ಗ್ಯಾರೇಜಲ್ಲಿ ನಿಮ್ಮ ಥರದ್ದೇ ಲೇತ್. ಇಲ್ಲಿ ಆಸ್ಟ್ರೇಲಿಯಾದಲ್ಲೇ ಎಕ್ಸೆಂಟ್ರಿಕ್ ಇಂಜಿನಿಯರಿಂಗ್ ಅಂತ ಒಂದು ಕಂಪನಿ ಡೈಮಂಡ್ ಟೂಲ್ ಹೋಲ್ಡರ್ ಅಂತ ಮಾಡ್ತಾರೆ, ನಾನು ತಗೊಂಡಿದ್ದು ಅದು. ಡೈಮಂಡ್ ಅಂದ ಕೂಡ್ಲೇ ವಜ್ರದ ಟಿಪ್ ಅಂದ್ಕೋಬೇಡಿ, ಸಾಣೆ ಹಿಡಿದ ಮುಖ ಇಸ್ಪೀಟಿನ ಡೈಮನ್ ಎಲೆ ಥರ ಕಾಣತ್ತೆ, ಅದಕ್ಕೇ ಆ ಹೆಸ್ರು. ಹೋಲ್ಡರ್ ಜೊತೆ ಒಂದು ಬಿಟ್ಟು, ಒಂದು ಸಾಣೆ ಜಿಗ್ ಬರತ್ತೆ. ಬಿಟ್ಟನ್ನ ಜಿಗ್ಗಲ್ಲಿ ಹಾಕು, ಚಕ್ರಕ್ಕೆ ಒತ್ತು, ಮೂಲೆವರೆಗೂ ಹೊಳಪು ಬಂತಾ, ತೆಗಿ. ಒಂದು ನಿಮಿಷ ಕೂಡ ಹಿಡಿಯಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟ ಆಗಿದ್ದು ಟರ್ನಿಂಗ್ ಮುಗಿಸಿ ಟೂಲ್ ತಿರುಗಿಸದೇನೆ ಫೇಸಿಂಗ್ (ಜಾಬಿನ ತುದಿ ಮುಖ ಸಮ ಮಾಡೋದು) ಮಾಡ್ಬೋದು ಅನ್ನೋದು. ಮೂಲೆಯ ಕೋನ 90ಕ್ಕಿಂತ ಕಮ್ಮಿ ಇರತ್ತೆ ಅಲ್ವಾ, ಹೋಲ್ಡರನ್ನ ಸ್ವಲ್ಪ ಓರೆ ಇಟ್ರೆ ಉದ್ದಕ್ಕೂ ಕಚ್ಚತ್ತೆ, ಅಡ್ಡಕ್ಕೂ ಕಚ್ಚತ್ತೆ, ಶೋಲ್ಡರ್ (ದಪ್ಪ ಬದಲಾಗೋ ಮೆಟ್ಟಿಲು) ಕೂಡ ಚೌಕವಾಗಿ ಬರತ್ತೆ. ಸೆಂಟರ್ ಹೈಟಿಗೆ ಪ್ಯಾಕಿಂಗ್ ಅನ್ನೋ ಮಾತೇ ಇಲ್ಲ, ಬೋಲ್ಟ್ ಸಡಿಲಿಸಿ ಬಿಟ್ಟನ್ನ ಮೇಲೆ ಕೆಳಗೆ ಜಾರಿಸಿ ಬಿಗಿ ಮಾಡೋದು ಅಷ್ಟೇ.

ಒಂದು ಎಚ್ಚರಿಕೆ. ಬಿಟ್ಟು ವಾಲಿರೋದ್ರಿಂದ 1 ಎಂಎಂ ಮೇಲೆ ಎತ್ತಿದ್ರೆ ತುದಿ 0.2 ಎಂಎಂ ಜಾಬ್ ಕಡೆಗೂ ಹೋಗತ್ತೆ, ಡಯಾಮೀಟರಲ್ಲಿ ಅದು 0.4. ಸಾಣೆ ಹಿಡಿದು ವಾಪಸ್ ಹಾಕಿದ್ಮೇಲೆ ಹಳೇ ಡಯಲ್ ಝೀರೋ ನಂಬಿ ಒಂದು ಬೇರಿಂಗ್ ಸೀಟ್ ಹಾಳು ಮಾಡ್ಕೊಂಡಿದೀನಿ. ಪ್ರತಿ ಸಲ ಟಚ್ ಮಾಡಿ ಹೊಸದಾಗಿ ಝೀರೋ ಮಾಡಿ.

ಪೀಣ್ಯ_ಟೂಲ್‌ರೂಮ್

ನಾನು ಪೀಣ್ಯದಲ್ಲಿ ಒಂದು ಟೂಲ್ ರೂಮಲ್ಲಿ ಮಿಲ್ಲಿಂಗ್ ನೋಡ್ಕೊತೀನಿ, ಮನೇಲಿ ಅಪ್ಪನ ಹಳೇ ಬೆಂಚ್ ಲೇತ್ ಇದೆ. ಹೊರಗಿಂದ ತರಿಸೋದು ಬೇಡ, ಮಾಡ್ಕೊಳ್ಳಿ ಸಾಗರದವ್ರೇ, ಒಂದು ದಿನದ ಕೆಲ್ಸ. ನಾನು ಎರಡು ಮಾಡಿದೀನಿ, ಮೊದಲನೇದು ಗುಜರಿಗೆ ಹೋಯ್ತು, ಯಾಕೆ ಅಂತ ಹೇಳ್ತೀನಿ, ನೀವು ಅದೇ ತಪ್ಪು ಮಾಡ್ಬೇಡಿ.

ವಾಲಿಕೆ ಯಾವ ಕಡೆಗೆ ಅನ್ನೋದು ಪೇಪರ್ ಮೇಲೆ ಸುಲಭ, ವೈಸಲ್ಲಿ ಬ್ಲಾಕ್ ತಲೆಕೆಳಗಾಗಿ ಕೂತಾಗ ತಲೆ ಕೆಡತ್ತೆ. ನಂದು ಮುಂದಿನ ವಾಲಿಕೆ ಉಲ್ಟಾ ಆಗಿತ್ತು, ಬಿಟ್ಟಿನ ತಲೆ ನನ್ನ ಕಡೆಗೆ, ಬುಡ ಜಾಬ್ ಕಡೆಗೆ. ಲೇತಲ್ಲಿ ಹಾಕಿ ಒತ್ತಿದ್ರೆ ಚಿಪ್ಪೇ ಬರಲ್ಲ, ಜಾಬ್ ಮೇಲೆ ಕನ್ನಡಿ ಥರ ಒಂದು ಪಟ್ಟಿ ಹೊಳೀತು, ಮುಟ್ಟಿದ್ರೆ ಬೆರಳು ಸುಡೋಷ್ಟು ಬಿಸಿ. ಬಿಟ್ಟು ತೆಗೆದು ನೋಡಿದ್ರೆ ತುದಿಗಿಂತ ಎರಡು ಎಂಎಂ ಕೆಳಗೆ ಉಜ್ಜಿದ ಗುರುತು. ಕಚ್ಚೋ ಬದ್ಲು ಹೊಟ್ಟೆಯಲ್ಲಿ ಉಜ್ತಾ ಇತ್ತು. ಈಗ ಬ್ಲಾಕ್ ಮೇಲೆ ಮಾರ್ಕರಲ್ಲಿ ಮೇಲೆ, ಜಾಬ್, ಚಕ್ ಅಂತ ಮೂರು ಕಡೆ ಬರ್ಕೊಂಡೇ ವೈಸಿಗೆ ಹಾಕ್ತೀನಿ.

ಮಾಡೋದು ಹೀಗೆ. ಇಎನ್8 ತುಂಡು, ತಲೆ ಭಾಗ 25 ಎಂಎಂ ಚೌಕ ಬಿಟ್ಟು ಶ್ಯಾಂಕ್ ಭಾಗ ನಿಮ್ಮ ಟೂಲ್ ಪೋಸ್ಟಿಗೆ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿ. ತಲೆಯ ಮುಂದಿನ ಮುಖ ಮೇಲೆ ಬರೋ ಹಾಗೆ ಬ್ಲಾಕ್ ನಿಲ್ಸಿ, ಒಂದು ಕಡೆಗೆ 12 ಡಿಗ್ರಿ ವಾಲಿಸಿ, ವೈಸ್ ಬೇಸ್ 12 ಡಿಗ್ರಿ ತಿರುಗಿಸಿ, ಸ್ಲಾಟ್ ಹೊಡೀರಿ. ಹೋಲ್ಡರಿನ ಮೇಲ್ಗಡೆ ಸ್ಲಾಟ್ ಆಳ ಕಮ್ಮಿ, ಕೆಳಗಡೆ ಜಾಸ್ತಿ ಬಂದ್ರೆ ಸರಿ ಇದೆ ಅಂತ ಅರ್ಥ. ಸೈನ್ ಬಾರ್ (ಕೋನ ಸೆಟ್ ಮಾಡೋ ಸಾಧನ) ಇಲ್ಲ ಅಂದ್ರೆ 100 ಎಂಎಂ ಉದ್ದಕ್ಕೆ 21.3 ಎಂಎಂ ಏರೋ ಒಂದು ಬೆಣೆ ಮಾಡ್ಕೊಳ್ಳಿ, ಅದೇ 12 ಡಿಗ್ರಿ. ಸ್ಲಾಟಿನ ಹಿಂದಿನ ಗೋಡೆಯಿಂದ ಹ್ಯಾಕ್ಸಾದಲ್ಲಿ 20 ಎಂಎಂ ಸೀಳಿ, ಎಡಗಡೆ ದವಡೆ 5 ಎಂಎಂ ದಪ್ಪ ಉಳೀಲಿ, ಅದಕ್ಕೆ ಎಂ5 ಟ್ಯಾಪ್ ಹೊಡೀರಿ, ಆಲನ್ ಬೋಲ್ಟ್ ಬಲಗಡೆಯಿಂದ ಹಾಕಿ ಎಳೆದು ಬಿಗಿ ಮಾಡೋದು. ದವಡೆ ಇರೋದ್ರಿಂದ ಎತ್ತರದ ಶೋಲ್ಡರ್ ಹತ್ರ ಹೋದ್ರೆ ಬಿಟ್ಟಿಗಿಂತ ಮುಂಚೆ ಅದೇ ತಗಲತ್ತೆ, ಅದಕ್ಕೆ ದವಡೆಯ ಮೇಲಿನ ಅಂಚು ಚೆನ್ನಾಗಿ ಓರೆ ತೆಗೀರಿ. ಪಿನ್ನು ಬುಶ್ಶಿಗೆ ಏನೂ ತೊಂದ್ರೆ ಇಲ್ಲ.

ಬಿಟ್ಟು ತಗೊಂಡು ಅಳತೆ ನೋಡಿ ಆಮೇಲೆ ಸ್ಲಾಟ್ ಹೊಡೀರಿ. ಎಸ್‌ಜೆಪಿ ರೋಡಲ್ಲಿ ಕಾಲಿಂಚು ಕೇಳಿದ್ರೆ ಕೆಲವ್ರು 6 ಎಂಎಂ ಕೊಡ್ತಾರೆ, ಕಾಲಿಂಚು ಅಂದ್ರೆ 6.35. ಆ 0.35 ಸಡಿಲದಲ್ಲಿ ಎಷ್ಟು ಬಿಗಿ ಮಾಡಿದ್ರೂ ಬಿಟ್ಟು ಕೂರಲ್ಲ.

ಸಾಗರ_ಶೆಡ್

ಅಕ್ಕಾ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಮಿಲ್ಲಿಂಗ್ ನನ್ನ ಹತ್ರ ಇಲ್ಲ, ಶಿವಮೊಗ್ಗದಲ್ಲಿ ಒಬ್ರು ಪರಿಚಯದವ್ರು ಇದಾರೆ, ಬ್ಲಾಕ್ ತಗೊಂಡು ಹೋಗಿ ಸ್ಲಾಟ್ ಮಾತ್ರ ಹೊಡೆಸ್ಕೊಂಡು ಬರ್ತೀನಿ. ಸಾಣೆಗೆ ಜಿಗ್ ಕೋನ ಎಷ್ಟು ಇಡ್ಲಿ?

ಐಟಿಐ_ಮೇಷ್ಟ್ರು_ಮೈಸೂರು

ಇದನ್ನ ಲೆಕ್ಕ ಹಾಕಿ ಹೇಳ್ತೀನಿ, ಲೆಕ್ಕ ತಿಳಿದಿದ್ರೆ ಲೋಹ ಬದಲಾದ ಹಾಗೆ ನೀವೇ ಕೋನ ಬದಲಾಯಿಸ್ಕೋಬಹುದು.

ಎರಡು ಕಡೆಗೆ 12-12 ವಾಲಿದಾಗ ಮೂಲೆಯಿಂದ ಮೂಲೆಗೆ ನೋಡಿದ್ರೆ ಒಟ್ಟು ವಾಲಿಕೆ ಸುಮಾರು 17 ಡಿಗ್ರಿ. ಬಿಟ್ಟಿನ ತುದಿ ಅಂಗಡಿಯಿಂದ ತಂದ ಹಾಗೆ ಚೌಕವಾಗಿ ಇದ್ರೆ ಹೋಲ್ಡರಲ್ಲಿ ಕೂತಾಗ ಅದು ಮುಂದಕ್ಕೆ 17 ಡಿಗ್ರಿ ಬಗ್ಗಿರುತ್ತೆ, ಅಂದ್ರೆ ನೆಗೆಟಿವ್ ರೇಕ್. ನೀವು ಮೂಲೆಯಿಂದ ಮೂಲೆಗೆ 30 ಡಿಗ್ರಿ ಇಳಿಜಾರು ತಿಕ್ಕಿದ್ರೆ ಅದರಲ್ಲಿ 17 ಕಳೆದು 13 ಡಿಗ್ರಿ ಪಾಸಿಟಿವ್ ರೇಕ್ ಉಳಿಯುತ್ತೆ. ಎಂಎಸ್ಸಿಗೂ (ಮೈಲ್ಡ್ ಸ್ಟೀಲ್) ಇಎನ್8ಗೂ ಅದು ಸರಿ. ಅಲ್ಯೂಮಿನಿಯಂ ಜಾಸ್ತಿ ಮಾಡೋರು ಇನ್ನೂ ಐದಾರು ಡಿಗ್ರಿ ಏರಿಸಬಹುದು. ಹಿತ್ತಾಳೆಗೆ 17ಕ್ಕೇ ನಿಲ್ಲಿಸಿ, ರೇಕ್ ಸೊನ್ನೆ ಆಗುತ್ತೆ.

ಜಿಗ್ ಅಂದ್ರೆ ದೊಡ್ಡದೇನಲ್ಲ. ಒಂದು ಕಬ್ಬಿಣದ ತುಂಡಲ್ಲಿ ವಿ ಗ್ರೂವ್ ಮಾಡಿ, ಬಿಟ್ಟು ತನ್ನ ಮೂಲೆ ಮೇಲೆ ಕೂರಲಿ, ಮೇಲೊಂದು ಸ್ಕ್ರೂ. ಕಚ್ಚೋ ಮೂಲೆ ಗ್ರೂವಿನ ತಳದಲ್ಲೋ ನೆತ್ತಿಯಲ್ಲೋ ಬರಬೇಕು, ಪಕ್ಕಕ್ಕೆ ಬಂದ್ರೆ ಇಳಿಜಾರು ತಪ್ಪುತ್ತೆ. ಅದನ್ನ ಗ್ರೈಂಡರ್ ರೆಸ್ಟ್ ಮೇಲೆ ಇಟ್ಟು ಚಕ್ರದ ಮುಂದಿನ ಮುಖಕ್ಕೆ ಒತ್ತಿ, ಪಕ್ಕದ ಮುಖಕ್ಕೆ ಒತ್ತಬೇಡಿ, ಮಾಮೂಲಿ ಚಕ್ರ ಪಕ್ಕದ ಒತ್ತಡಕ್ಕೆ ಮಾಡಿರೋದಲ್ಲ, ಒಡೆದ್ರೆ ಎದುರಿಗಿರೋದು ನಿಮ್ಮ ಮುಖ. ಕನ್ನಡಕ ಇಲ್ಲದೆ ಗ್ರೈಂಡರ್ ಸ್ವಿಚ್ ಮುಟ್ಟಬೇಡಿ.

ಬಿಟ್ಟು ಸ್ವಲ್ಪ ಬಣ್ಣ ತಿರುಗಿದ್ರೆ ಹೆದರಬೇಡಿ, ಹೆಚ್‌ಎಸ್‌ಎಸ್ 600 ಡಿಗ್ರಿ ಸೆಲ್ಸಿಯಸ್ ಹತ್ತಿರದವರೆಗೂ ಗಡಸುತನ ಬಿಟ್ಟುಕೊಡಲ್ಲ. ಕೆಂಪಗೆ ಕಾದದ್ದನ್ನ ಚೊಂಯ್ ಅಂತ ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬಂದು ಆಮೇಲೆ ಅಂಚು ಉದುರುತ್ತೆ. ಹಗುರ ಒತ್ತಿ, ಬೆರಳಿಗೆ ಬಿಸಿ ತಾಗಿದಾಗ ಬಿಟ್ಟು ಗಾಳಿಗೆ ಇಡಿ. ಕೊನೆಗೆ ಆಯಿಲ್ ಸ್ಟೋನಲ್ಲಿ ಮೂಲೆಯನ್ನ ಎರಡು ಮೂರು ಸಲ ಸವರಿ 0.2-0.3 ಎಂಎಂ ನೋಸ್ (ದುಂಡು ಮೂಲೆ) ಮಾಡ್ಕೊಳ್ಳಿ. ಸೂಜಿ ಮೂಲೆ ಹಾಗೇ ಬಿಟ್ರೆ ಜಾಬ್ ಮೇಲೆ ಸಣ್ಣ ಥ್ರೆಡ್ ಬೀಳುತ್ತೆ.

ಸ್ಪೀಡು: ಎಂಎಸ್ಸಿಗೆ ಹೆಚ್‌ಎಸ್‌ಎಸ್ ನಿಮಿಷಕ್ಕೆ 30 ಮೀಟರ್. 20 ಎಂಎಂ ರಾಡಿಗೆ ಅದು 480 ಆರ್‌ಪಿಎಂ ಹತ್ತಿರ. ಇಎನ್8ಗೆ ಸ್ವಲ್ಪ ಇಳಿಸಿ, 400ರ ಸುತ್ತ. ಇನ್ಸರ್ಟಿಗೆ ಓಡಿಸಿದ ಹಾಗೆ 1200ರಲ್ಲಿ ಓಡಿಸಿದ್ರೆ ಮೂಲೆ ಸುಟ್ಟು ಹೋಗುತ್ತೆ.

ಮಲ್ಪೆ_ವರ್ಕ್‌ಶಾಪ್

ನಮ್ಮಲ್ಲಿ ಬೋಟಿನ ಕೆಲಸವೇ ಜಾಸ್ತಿ, ಸ್ಟೇನ್‌ಲೆಸ್ಸು ಮತ್ತೆ ಗನ್ ಮೆಟಲ್ (ಒಂದು ಬಗೆಯ ಕಂಚು). ನನ್ನ ಹತ್ರ ದೊಡ್ಡ ಲೇತೂ ಉಂಟು, ಸಣ್ಣದೂ ಉಂಟು, ಸಣ್ಣದಕ್ಕೆ ಈ ನಿಲ್ಲಿಸುವ ಹೋಲ್ಡರ್ ಹಾಕಿ ನಾಲ್ಕು ವರ್ಷ ಆಯ್ತು.

304 ಸ್ಟೇನ್‌ಲೆಸ್ಸಿಗೆ ಇದು ಬಾರೀ ಲಾಯ್ಕ ಮಾರಾಯ್ರೆ. ಸ್ಟೇನ್‌ಲೆಸ್ಸು ಉಜ್ಜಿದರೆ ಮೇಲಿನ ಪದರ ಗಟ್ಟಿ ಆಗಿ ಬಿಡ್ತದೆ, ಮತ್ತೆ ಟೂಲು ಅದರ ಮೇಲೆ ಜಾರುದೇ. ಅದಕ್ಕೆ ಹರಿತ ಅಂಚು ಬೇಕು, ಫೀಡ್ ನಿಲ್ಲಿಸಲಿಕ್ಕೆ ಆಗುದಿಲ್ಲ. ಈ ಹೋಲ್ಡರಲ್ಲಿ ಅಂಚು ಹೋಯ್ತು ಅಂತ ಕಂಡ ಕೂಡಲೇ ತೆಗೆದು ಒಮ್ಮೆ ತಿಕ್ಕಿ ಹಾಕುದು, ಬೇಸರವೇ ಬರುದಿಲ್ಲ. ಮೊದಲೆಲ್ಲ ಸಾಣೆಗೆ ಉದಾಸೀನ ಮಾಡಿ ಮೊಂಡು ಟೂಲಲ್ಲೇ ಎಳೆದು ಜಾಬ್ ಹಾಳು ಮಾಡ್ತಿದ್ದೆವು. ಬಿಟ್ಟು 5 ಪರ್ಸೆಂಟ್ ಕೋಬಾಲ್ಟಿಂದು, ಎಂ35 ಹಾಕಿ, ಎಂ2ಗಿಂತ (ಕೋಬಾಲ್ಟ್ ಇಲ್ಲದ ಮಾಮೂಲಿ ಬಿಟ್ಟು) ಅಂಚು ತುಂಬ ಹೊತ್ತು ನಿಲ್ತದೆ.

ಗನ್ ಮೆಟಲಿಗೆ ಮಾತ್ರ ಜಾಗ್ರತೆ. ಸ್ಟೀಲಿಗೆ ತಿಕ್ಕಿದ ಅದೇ ಬಿಟ್ಟಲ್ಲಿ ಒಮ್ಮೆ ಬುಶ್ ತಿರುಗಿಸ್ಲಿಕ್ಕೆ ಹೋದೆ, ಟೂಲು ತನ್ನಷ್ಟಕ್ಕೆ ಒಳಗೆ ಎಳ್ಕೊಂಡಿತು, ಕ್ರಾಸ್ ಸ್ಲೈಡಿನ ಬ್ಯಾಕ್‌ಲ್ಯಾಷ್ (ಸ್ಕ್ರೂವಿನ ಸಡಿಲ) ಎಷ್ಟಿತ್ತೋ ಅಷ್ಟೂ ಹೋಗಿ ಬುಶ್ಶಿಗೆ ಗುಂಡಿ ಬಿತ್ತು, ಚಕ್ಕಿಂದ ಜಾಬ್ ಹಾರಿ ಗೋಡೆಗೆ ಹೊಡೆಯಿತು. ಮೇಷ್ಟ್ರು ಹೇಳಿದ 17ರ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ. ಈಗ ಗನ್ ಮೆಟಲಿಗೆ ಬೇರೆಯೇ ಬಿಟ್ಟು ಇಟ್ಟಿದ್ದೇನೆ, ತಲೆಗೆ ಹಳದಿ ಪೈಂಟ್ ಹಚ್ಚಿ.

ಮತ್ತೊಂದು, ಚಿಪ್ಸು ಉದ್ದ ಉದ್ದ ರಿಬ್ಬನ್ ಹಾಗೆ ಬರ್ತದೆ. ನೋಡ್ಲಿಕ್ಕೆ ಚಂದ, ಕೈಯಲ್ಲಿ ಎಳೆಯಲಿಕ್ಕೆ ಹೋಗಬೇಡಿ. ಒಂದು ತಂತಿ ಕೊಕ್ಕೆ ಮಾಡಿ ಇಟ್ಕೊಳ್ಳಿ, ಮಷಿನ್ ನಿಲ್ಲಿಸಿಯೇ ತೆಗೀರಿ.

ಮಂಡ್ಯ_ಮಾಡೆಲ್_ಇಂಜಿನ್

ಎಲ್ಲಾ ಸರಿ ಆದ್ರೆ ನಂಗೊಂದು ಅನುಮಾನ. ಸಿಸಿಜಿಟಿ ಇನ್ಸರ್ಟ್ ಅಂತ ಬರ್ತದಲ್ಲ, ಅಲ್ಯೂಮಿನಿಯಂಗೆ ಅಂತ ಮಾಡಿರೋ ಪಾಲಿಶ್ ಮಾಡಿದ ಹರಿತ ಟಿಪ್ಪು, ಅದನ್ನ ಚಿಕ್ಕ ಲೇತಲ್ಲಿ ಸ್ಟೀಲಿಗೂ ಹಾಕಬಹುದು, ನಾನು ಹಾಕ್ತಾ ಇದೀನಿ, ಫಿನಿಶ್ ಚೆನ್ನಾಗೇ ಬರತ್ತೆ, ಸಾಣೆ ಅನ್ನೋ ತಲೆನೋವೇ ಇಲ್ಲ. ಸಾಗರದವ್ರಿಗೆ ಸೆಟ್ಟಲ್ಲಿ ಬಂದಿರೋದು ಸಿಸಿಎಂಟಿ ಇರ್ಬೇಕು, ಅದರ ಅಂಚು ಮೊಂಡು, ಅದನ್ನ ಒತ್ತೋಕೆ ಚಿಕ್ಕ ಮಷಿನ್ನಿಗೆ ತಾಕತ್ತು ಸಾಲಲ್ಲ. ಹೋಲ್ಡರ್ ಇರೋದೇ ಇರಲಿ, ಟಿಪ್ಪು ಮಾತ್ರ ಬದಲಾಯಿಸಿ ನೋಡಿ ಅಂತೀನಿ.

ಪೀಣ್ಯ_ಟೂಲ್‌ರೂಮ್

ನೀವು ಹೇಳೋದು ನಿಜ, ನಾನೂ ಸಿಸಿಜಿಟಿ ಇಟ್ಕೊಂಡಿದೀನಿ, ಒಳ್ಳೇ ರಾಡಿಗೆ ಫಸ್ಟ್ ಕ್ಲಾಸ್. ಆದ್ರೆ ಸಾಗರದವ್ರ ಹತ್ರ ಬರೋದು ಕೀ ವೇ ಇರೋ ಶಾಫ್ಟು, ವೆಲ್ಡ್ ತುಂಬಿಸಿದ ಪಿನ್ನು. ಆ ಹರಿತ ಟಿಪ್ಪು ಕೀ ವೇ ಅಂಚಿಗೆ ಹತ್ತು ಸಲ ಬಡಿದ್ರೆ ಮೂಲೆ ಹೋಯ್ತು, ಪೂರಾ ಟಿಪ್ಪು ತಿರುಗಿಸ್ಬೇಕು, ಎರಡು ಮೂಲೆ ಮುಗಿದ್ರೆ ಬಿಸಾಕೋದೇ. ಹೆಚ್‌ಎಸ್‌ಎಸ್ ಏಟು ತಡ್ಕೊಳ್ಳತ್ತೆ, ಮೂಲೆ ಹೋದ್ರೂ ಅರ್ಧ ಎಂಎಂ ತಿಕ್ಕಿದ್ರೆ ಹೊಸದು. 60 ಎಂಎಂ ಬಿಟ್ಟು ಸವೆದು ಸವೆದು 25 ಎಂಎಂ ಆಗೋವರೆಗೂ ಓಡತ್ತೆ. ಹಳ್ಳಿಯಲ್ಲಿ ಕೂತು ಟಿಪ್ಪಿಗೆ ಕೊರಿಯರ್ ಕಾಯೋದಕ್ಕಿಂತ ಅದು ವಾಸಿ ಅಲ್ವಾ.

ವೆಲ್ಡ್ ತುಂಬಿಸಿದ್ರ ಮೇಲಿನ ಮೊದಲ ಪಾಸ್ ಮಾತ್ರ ಹೆಚ್‌ಎಸ್‌ಎಸ್ಸಿಗೆ ಕಷ್ಟ, ಅದಕ್ಕೆ ಕಾರ್ಬೈಡೇ ಸರಿ, ಇಲ್ಲಾ ಆಂಗಲ್ ಗ್ರೈಂಡರಲ್ಲಿ ಮೇಲಿನ ಸಿಪ್ಪೆ ತೆಗೆದು ಆಮೇಲೆ ಲೇತಿಗೆ ಹಾಕಿ.

ಇದರಿಂದ ಆಗದೇ ಇರೋದೂ ಹೇಳ್ಬಿಡ್ತೀನಿ. ಪಾರ್ಟಿಂಗ್ ಆಗಲ್ಲ, ಬೋರಿಂಗ್ ಆಗಲ್ಲ, ಥ್ರೆಡ್ಡಿಗೆ ಮೂಲೆ 60 ಡಿಗ್ರಿಗೆ ತಿಕ್ಕಿದ ಬೇರೆ ಬಿಟ್ಟು ಬೇಕು. ಟೇಲ್ ಸ್ಟಾಕ್ ಕಡೆಗೆ ಟರ್ನಿಂಗ್ ಮಾಡೋಕೆ ಎಡಗೈ ಹೋಲ್ಡರ್ ಬೇರೆ ಮಾಡ್ಬೇಕು. ಚೌಕದ ಬದ್ಲು ದುಂಡನೆ ಹೆಚ್‌ಎಸ್‌ಎಸ್ ಹಾಕೋ ಹಾಗೆ ಇನ್ನೊಂದು ಮಾಡಿದ್ರೆ ಫಿನಿಶ್ ಪಾಸಿಗೆ ತುಂಬಾ ಚೆನ್ನಾಗಿರತ್ತೆ, ನನ್ನ ಮುಂದಿನ ಕೆಲ್ಸ ಅದು.

ಸಾಗರ_ಶೆಡ್

ಮೂರು ವಾರ ಆಯ್ತು, ಹೇಗಾಯ್ತು ಅಂತ ಹೇಳೋಕೆ ಬಂದೆ.

ಶಿವಮೊಗ್ಗದಲ್ಲಿ ಸ್ಲಾಟ್ ಹೊಡೆಸ್ಕೊಂಡು ಬಂದೆ, ಅಕ್ಕ ಹೇಳಿದ ಹಾಗೆ ಬ್ಲಾಕ್ ಮೇಲೆ ಮೂರು ಕಡೆ ಬರೆದೇ ಕೊಟ್ಟಿದ್ದೆ, ಸರಿ ಬಂತು. ಸೀಳೋದು, ಟ್ಯಾಪು, ಜಿಗ್ಗು ಎಲ್ಲಾ ನಾನೇ ಮಾಡ್ಕೊಂಡೆ. 100ಕ್ಕೆ 57.7 ಎಂಎಂ ಏರೋ ಹಾಗೆ ಹಲಸಿನ ಮರದ ತುಂಡಲ್ಲಿ ಬೆಣೆ ಮಾಡಿ ಜಿಗ್ಗಿನ 30 ಡಿಗ್ರಿ ಹಿಡಿದೆ.

ಮೊದಲನೇ ದಿನ ಬೇಜಾರಾಗಿತ್ತು. ಮೊದಲ ಪಾಸ್ ಚೆನ್ನಾಗಿ ಬಂತು, ಎರಡನೇ ಪಾಸಲ್ಲಿ ಅರ್ಧ ಹೋಗೋಷ್ಟ್ರಲ್ಲಿ ಡಯಾಮೀಟರ್ ದಪ್ಪ ಆಗ್ತಾ ಬಂತು. ಮೈಕ್ರೋಮೀಟರಲ್ಲಿ ನೋಡಿದ್ರೆ ಈ ತುದಿಗೂ ಆ ತುದಿಗೂ 0.3 ವ್ಯತ್ಯಾಸ. ಟೇಪರ್ ಅಂದ್ಕೊಂಡು ಟೇಲ್ ಸ್ಟಾಕೆಲ್ಲ ನೋಡ್ದೆ. ಆಮೇಲೆ ನೋಡಿದ್ರೆ ಬಿಟ್ಟು ಒತ್ತಡಕ್ಕೆ ಕೆಳಗೆ ಜಾರ್ತಾ ಇತ್ತು. ಸ್ಲಾಟಲ್ಲಿ ಕಟಿಂಗ್ ಆಯಿಲ್ ಹಾಗೇ ಇತ್ತು, ಬಿಟ್ಟಿನ ಮೇಲೆ ಪ್ಯಾಕಿಂಗಿನ ಗ್ರೀಸೂ ಒರೆಸಿರ್ಲಿಲ್ಲ. ಪೆಟ್ರೋಲಲ್ಲಿ ಎರಡನ್ನೂ ತೊಳೆದು, ಸ್ಲಾಟಿನ ಮೂಲೇಲಿ ಉಳಿದಿದ್ದ ಬರ್ (ಚೂಪು ಸಿಬಿರು) ಚಿಕ್ಕ ಫೈಲಲ್ಲಿ ತೆಗೆದು ಬಿಗಿ ಮಾಡ್ದೆ, ಆಮೇಲೆ ಒಂದು ಸಲಾನೂ ಜಾರಿಲ್ಲ.

ಈಗ ಕೇಳಿ. ಅದೇ 20 ಎಂಎಂ ಇಎನ್8, 400 ಆರ್‌ಪಿಎಂ, 1 ಎಂಎಂ ಡೆಪ್ತ್. ಕಿರುಚೇ ಇಲ್ಲ. ಬಿಟ್ಟಿನ ತಲೆ ಮೇಲಿಂದ ಒಂದೇ ಸುರುಳಿ, ಬೂದಿ ಬಣ್ಣದ್ದು, ನಿಧಾನಕ್ಕೆ ಬಿಚ್ಕೊಂಡು ಬಂದು ಟ್ರೇಗೆ ಬೀಳತ್ತೆ, ಮೋಟರ್ ಸದ್ದು ಕೂಡ ಬದಲಾಗಲ್ಲ. ಕೊನೇ ಪಾಸ್ 0.1 ಇಟ್ಟು ಎಣ್ಣೆ ಬ್ರಷಲ್ಲಿ ಹಚ್ತಾ ಹೋದ್ರೆ ಉಗುರು ಎಳೆದ್ರೂ ಗೆರೆ ತಗಲಲ್ಲ. ನನ್ನ ಲೇತಲ್ಲಿ ಇಂಥ ಫಿನಿಶ್ ಬರತ್ತೆ ಅಂತ ನಾನೇ ಅಂದ್ಕೊಂಡಿರ್ಲಿಲ್ಲ. ನಿನ್ನೆ ರಾತ್ರಿ ಪಕ್ಕದ ಮನೆಯವ್ರ ಸುಲಿಯೋ ಮಷಿನ್ನಿಗೆ ಮೂರು ಪಿನ್ನು ಬೇಕಿತ್ತು, ಅವ್ರು ಕಾಫಿ ಕುಡಿದು ಮುಗ್ಸೋಷ್ಟ್ರಲ್ಲಿ ಎರಡು ಆಗಿತ್ತು.

ಸೆಂಟರ್ ಹೈಟಿಗೆ ಸುಲಭದ ದಾರಿ ಇದ್ರೆ ಹೇಳಿ, ನಾನಿನ್ನೂ ಟೇಲ್ ಸ್ಟಾಕ್ ಸೆಂಟರ್ ಮೂತಿ ನೋಡಿ ಅಂದಾಜಲ್ಲಿ ಇಡ್ತಾ ಇದೀನಿ. ಇನ್ನೊಂದು ತೊಂದ್ರೆ, 10-12 ಎಂಎಂ ಸಣ್ಣ ಶಾಫ್ಟು ರಿವಾಲ್ವಿಂಗ್ ಸೆಂಟರ್ (ಟೇಲ್ ಸ್ಟಾಕಲ್ಲಿ ಕೂತು ಜಾಬ್ ತುದಿಗೆ ಆಸರೆ ಕೊಡೋ ತಿರುಗೋ ಮೂತಿ) ಕೊಟ್ಟು ಹಿಡಿದಾಗ ಹೋಲ್ಡರಿನ ತಲೆ ಸೆಂಟರಿನ ಮೈಗೆ ಬಡಿಯತ್ತೆ, ಶಾಫ್ಟಿನ ತುದಿ 15 ಎಂಎಂ ಹಾಗೇ ಉಳಿಯತ್ತೆ.

ಪೀಣ್ಯ_ಟೂಲ್‌ರೂಮ್

ಓದಿ ತುಂಬಾ ಖುಷಿ ಆಯ್ತು. ಹೈಟಿಗೆ ನಮ್ಮಪ್ಪ ಹೇಳಿಕೊಟ್ಟಿದ್ದು ಹೇಳ್ತೀನಿ, ಅವ್ರು ಜಾಲಹಳ್ಳಿ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ರು. ಮಷಿನ್ ನಿಲ್ಲಿಸಿ, 6 ಇಂಚಿನ ಸ್ಟೀಲ್ ಸ್ಕೇಲನ್ನ ದುಂಡು ಜಾಬಿಗೂ ಟೂಲ್ ತುದಿಗೂ ಮಧ್ಯ ನಿಲ್ಲಿಸಿ ಹಗುರಕ್ಕೆ ಒತ್ತಿ. ಸ್ಕೇಲ್ ನೆಟ್ಟಗೆ ನಿಂತ್ರೆ ಸೆಂಟರ್ ಸರಿ. ಸ್ಕೇಲಿನ ತಲೆ ನಿಮ್ಮ ಕಡೆ ಬಾಗಿದ್ರೆ ಟೂಲ್ ಕೆಳಗಿದೆ, ಜಾಬ್ ಕಡೆ ಬಾಗಿದ್ರೆ ಮೇಲಿದೆ. ಒಂದು ಸಲ ಸರಿ ಮಾಡ್ಕೊಂಡ್ಮೇಲೆ ಬೆಡ್ಡಿಂದ ತುದಿಗೆ ಎಷ್ಟು ಎತ್ತರ ಅಂತ ಅಳೆದು ಅಷ್ಟೇ ಉದ್ದದ ಒಂದು ಗೂಟ ಟರ್ನ್ ಮಾಡಿ ಇಟ್ಕೊಳ್ಳಿ, ಮುಂದೆ ಅದನ್ನ ಬೆಡ್ ಮೇಲೆ ನಿಲ್ಲಿಸಿ ಬಿಟ್ಟನ್ನ ಅದರ ತಲೆಗೆ ಸಮ ಮಾಡಿದ್ರೆ ಆಯ್ತು.

ಉದ್ಯಮಬಾಗ_ಟರ್ನರ್

ಚಲೋ ಆತ್ರಿ ತಮ್ಮಾ. ನಾ ಮೊದಲ ಹೇಳಿದ್ದು ದೊಡ್ಡ ಮಷಿನ್ ಲೆಕ್ಕದಾಗ, ನಿಮ್ಮ ಮಷಿನ್ನಿಗೆ ಇದು ಬರೋಬ್ಬರಿ ಕೂತೈತಿ ಅಂತ ಒಪ್ಪತೇನಿ. ನಮ್ಮ ದೊಡ್ಡ ಲೇತಿಗೆ ಮಾತ್ರ ಬ್ರೇಜ್ ಟೂಲ್ ಬಿಡೂದಿಲ್ಲ.

ಸೆಂಟರಿಗೆ ಬಡಿಯೂದಕ್ಕ ಹಾಫ್ ಸೆಂಟರ್ ಹಾಕ್ರಿ. ಅರ್ಧಾ ಮೂತಿ ಕಡದಿರ್ತಾರ, ಆ ಕಡದ ಬಾಜೂ ಟೂಲ್ ಕಡೆ ಬರೂ ಹಂಗ ಇಟ್ರ ಹೋಲ್ಡರ್ ತುದಿತನಕ ಹೊಕ್ಕೈತಿ. ಅದು ತಿರಗೂದಿಲ್ಲ, ಹಿಂಗಾಗಿ ಸೆಂಟರ್ ತೂತಿನಾಗ ಗ್ರೀಸ್ ತುಂಬ್ರಿ, ಸ್ಪೀಡ್ ಇಳಸ್ರಿ, ನಡಕ ಒಮ್ಮೊಮ್ಮೆ ಬಿಗಿ ನೋಡ್ಕೋರಿ, ಜಾಬ್ ಕಾದು ಉದ್ದ ಆಗಿ ಸೆಂಟರಿಗೆ ಒತ್ತಾಕ ಹತ್ತತೈತಿ. ನಿಮ್ಮ ಟೇಲ್ ಸ್ಟಾಕ್ ಎಂಟಿ2 (ಮೋರ್ಸ್ ಟೇಪರ್ 2, ಸೆಂಟರ್ ಕೂಡೂ ತೂತಿನ ಅಳತಿ) ಇರ್ಬೇಕಲ್ಲ?

ಸಾಗರ_ಶೆಡ್

ಹೌದಣ್ಣಾ, ಎಂಟಿ2. ಸಾಗರದಲ್ಲಿ ಎರಡು ಅಂಗಡಿ ಕೇಳ್ದೆ, ಹಾಫ್ ಸೆಂಟರ್ ಅಂದ್ರೆ ಗೊತ್ತಿಲ್ಲ ಅಂದ್ರು.

ಉದ್ಯಮಬಾಗ_ಟರ್ನರ್

ನನ್ನ ಹತ್ರ ಎಂಟಿ2ದು ಒಂದು ಹೆಚ್ಚಿಂದು ಐತಿ, ಸುಮ್ನ ಡ್ರಾದಾಗ ಬಿದ್ದೈತಿ. ಅಡ್ರೆಸ್ ಮೆಸೇಜ್ ಮಾಡ್ರಿ, ಸೋಮವಾರ ಬಸ್ಸಿಗೆ ಹಾಕ್ತೇನಿ. ಮೂತಿ ಒಂಚೂರು ಸವದೈತಿ, ಹಾಕೂಕಿಂತ ಮೊದಲ 60 ಡಿಗ್ರಿ ಬರೋಬ್ಬರಿ ಐತೇನು ನೋಡ್ಕೊಂಡ ಹಾಕ್ರಿ.